ಎಣ್ಣೆ ಕಾಗದದೊಳಗಿನ ಹಿತ್ತಾಳೆ ಪಂಚು

ನಮ್ಮ ಅಡುಗೆಮನೆಯಲ್ಲಿ ನಮ್ಮದಲ್ಲದ ಒಂದು ವಸ್ತು ಇದೆ. ಕದ್ದದ್ದಲ್ಲ, ಕೇಳಿ ತಂದದ್ದೂ ಅಲ್ಲ. ಸ್ಟವ್ವಿನ ಪಕ್ಕ ಕೆಳಗಿನ ಡ್ರಾಯರಿನಲ್ಲಿ ಕುಕ್ಕರಿನ ಹಳೇ ಗ್ಯಾಸ್ಕೆಟ್ಟು, ರಬ್ಬರ್ ಬ್ಯಾಂಡು, ಯಾವ ಬೀಗದ್ದೋ ಗೊತ್ತಿಲ್ಲದ ಕೀಗಳು, ಇವುಗಳ ಅಡಿಯಲ್ಲಿ ಬೆರಳುದ್ದದ ಒಂದು ಎಣ್ಣೆ ಕಾಗದದ ಸುರುಳಿ. ಇಪ್ಪತ್ತು ವರ್ಷಕ್ಕೆ ಮೇಲಾಯಿತು. ಅಮೆರಿಕದ ಈ ಬೇ ಏರಿಯಾದಲ್ಲೇ ಮೂರು ಮನೆ ಬದಲಾಯಿಸಿದ್ದೇವೆ, ಮೂರು ಮನೆಗೂ ಅದು ನಮ್ಮ ಜೊತೆ ಬಂದಿದೆ. ಒಂದು ಸಲವೂ ನಾನು ಅದನ್ನು ಬಿಚ್ಚಿರಲಿಲ್ಲ.

ಹೋದ ವಾರ ಒತ್ತು ಶ್ಯಾವಿಗೆ ಮಾಡೋಣ ಅಂತ ಹೊರಟೆ. ಊರಿಂದ ತಂದ ಶ್ಯಾವಿಗೆ ಒರಳಿನ ಹಿಡಿಯ ಪಿನ್ನು ತುಕ್ಕು ಹಿಡಿದು ಕೂತಿತ್ತು. ಕಾಲೇಜಿಂದ ಬಂದಿದ್ದ ಮಗಳು, ಏನಾದರೂ ಇಟ್ಟು ಕುಟ್ಟಿ ಅದನ್ನು ಹೊರಗೆ ಹಾಕೋಣ ಅಂತ ಡ್ರಾಯರೆಲ್ಲ ತಡಕಾಡಿದಳು. ನಾನು ತಿರುಗಿ ನೋಡುವಷ್ಟರಲ್ಲಿ ಆ ಎಣ್ಣೆ ಕಾಗದ ಬಿಚ್ಚಿ, ಒಳಗಿದ್ದ ಹಿತ್ತಾಳೆ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾಳೆ.

"ಅಯ್ಯೋ, ಅದು ನಮ್ಮದಲ್ಲ ಕಣೇ, ಇಡು ಕೆಳಗೆ!" ಅಂತ ಕೂಗಿಕೊಂಡೆ. ಕೂಗಿದ ಜೋರಿಗೆ ನನಗೇ ನಾಚಿಕೆಯಾಯಿತು.

"ದೆನ್ ಹೂಸ್ ಈಸ್ ಇಟ್, ಅಮ್ಮ?" ಅಂದಳು.

ಯಾರದು ಅಂತ ಹೇಳುವುದಕ್ಕೆ ನನಗೆ ಒಂದು ಸಂಜೆ ಪೂರ್ತಿ ಬೇಕು. ನಾನು ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ಅವಳು ಫೋನು ನೋಡುತ್ತ ಕೂತಾಗಿತ್ತು. ನೀವಾದರೂ ಕೇಳಿ.

ಅದು ಪಂಚು. ಆಫೀಸಿನಲ್ಲಿ ಕಾಗದಕ್ಕೆ ತೂತು ಹೊಡೆಯುವ ಪಂಚಲ್ಲ. ಯಂತ್ರದ ಪಿನ್ನಿನ ಮೇಲೆ ಇದರ ತುದಿ ಇಟ್ಟು, ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಏಟು ಕೊಟ್ಟರೆ ಪಿನ್ನು ಆ ಕಡೆಯಿಂದ ಹೊರಗೆ ಬರುತ್ತದೆ. ಕೋವಿ ರಿಪೇರಿ ಮಾಡುವವರಿಗೆ ಇದಿಲ್ಲದೆ ಕೈಯೇ ಓಡುವುದಿಲ್ಲ. ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಮ್ಮಪ್ಪನಿಗೆ ಹಾಸನದಲ್ಲಿ ಕೋವಿ ರಿಪೇರಿ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹೊಸಲು. ಹಂದಿ ಕಾಟಕ್ಕೆ ಲೈಸೆನ್ಸು ಮಾಡಿಸಿಕೊಂಡ ರೈತರು, ಕಾಫಿ ತೋಟದವರು, ಗೋಣಿಚೀಲದಲ್ಲಿ ಸುತ್ತಿದ ಕೋವಿ ಹೊತ್ತು ಬರುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ಹೊಸಲವರೆಗೆ ಹೋಗಬಹುದಿತ್ತು. ಹೊಸಲು ದಾಟುವ ಹಾಗಿರಲಿಲ್ಲ. "ಸ್ಪ್ರಿಂಗು ಎಗರಿ ಕಣ್ಣಿಗೆ ಬೀಳ್ತದೆ ಕಣವ್ವ" ಅನ್ನುವುದು ಅಪ್ಪ ಕೊಡುತ್ತಿದ್ದ ಕಾರಣ. ಅದೇ ಸ್ಪ್ರಿಂಗು ನಮ್ಮಣ್ಣನ ಕಣ್ಣಿಗೆ ಯಾಕೆ ಬೀಳುವುದಿಲ್ಲ ಅಂತ ಕೇಳುವ ಧೈರ್ಯ ಆಗ ನನಗಿರಲಿಲ್ಲ. ಅಣ್ಣನಿಗೋ ಆ ಅಂಗಡಿ ಅಂದರೆ ಅಲರ್ಜಿ. ಅವನು ಒಳಗೆ ಕೂತು ಆಕಳಿಸುತ್ತಿದ್ದ, ನಾನು ಹೊಸಲ ಮೇಲೆ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಹಾಗೆ ನಿಂತು ಕಲಿತದ್ದೇ ಕಲಿತದ್ದು. ಮೊದಲು ಮೊಂಡು ಪಂಚು, ಪಿನ್ನು ಅಲುಗಾಡಿದ ಮೇಲೆ ಉದ್ದನೆಯ ಸಪೂರ ಪಂಚು. ಪಂಚಿನ ತುದಿ ಪಿನ್ನಿಗಿಂತ ಕೂದಲೆಳೆ ಸಣ್ಣದಿರಬೇಕು. ತೀರ ಸಣ್ಣದಾದರೆ ಜಾರಿ ಕೋವಿಗೆ ಗಾಯ, ದಪ್ಪವಾದರೆ ತೂತಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಡೆಯುವುದು ಎಡದಿಂದ ಬಲಕ್ಕೆ. ತಿರುಪು ಬಿಚ್ಚುವಾಗ ಸ್ಕ್ರೂಡ್ರೈವರಿನ ಬಾಯಿ ತಿರುಪಿನ ಸೀಳಿಗೆ ಹೇಳಿ ಮಾಡಿಸಿದ ಹಾಗಿರಬೇಕು, ಇಲ್ಲದಿದ್ದರೆ ಬಿಚ್ಚಲೇಬಾರದು. ಅಪ್ಪ ಅಂಗಡಿಯಿಂದ ಪಂಚು ಕೊಂಡದ್ದನ್ನು ನಾನು ಕಂಡಿಲ್ಲ. ಸೈಕಲ್ ಆಕ್ಸಲ್ಲು, ಕೊಡೆ ಕಡ್ಡಿ, ಮುರಿದ ಹಿತ್ತಾಳೆ ಸಾಮಾನು, ಹೀಗೆ ಏನು ಸಿಕ್ಕರೂ ಅರ ಹಿಡಿದು ಉಜ್ಜಿ ಪಂಚು ಮಾಡುತ್ತಿದ್ದರು. ಅರಸೀಕೆರೆ, ಸಕಲೇಶಪುರದ ರಿಪೇರಿಯವರೂ ಬಂದು ಮಾಡಿಸಿಕೊಂಡು ಹೋಗುತ್ತಿದ್ದರು. ಬೇರೆಯವರಿಗೆ ಮಾಡಿಕೊಡುವಾಗ ತುದಿಯನ್ನು ಬೇಕಂತಲೇ ಒಂದಿಷ್ಟು ದಪ್ಪ ಬಿಡುತ್ತಿದ್ದರು. "ನಿನ್ನ ಪಿನ್ನು ನಂಗೇನು ಗೊತ್ತು? ನೀನೇ ಅರ ಹಾಕಿ ಕೂರಿಸ್ಕೋ" ಅನ್ನುವರು. ಆ ಮಾತನ್ನು ನೂರು ಸಲ ಕೇಳಿದ್ದೆ. ಮದುವೆಯಾಗಿ ವಿಮಾನ ಹತ್ತಿದ ಮೇಲೆ ಎಷ್ಟು ಸಲೀಸಾಗಿ ಮರೆತೆ ನೋಡಿ.

ನಾವು ಮೌಂಟನ್ ವ್ಯೂಗೆ ಬಂದದ್ದು ಎರಡು ಸಾವಿರದ ಇಸವಿಯ ವೈಟುಕೆ ಗಲಾಟೆ ಮುಗಿದ ಹೊಸದರಲ್ಲಿ. ನಮ್ಮ ಮನೆಯವರಿಗೆ ಇಂಟರ್ನೆಟ್ಟಿನಲ್ಲಿ ಕಿಟಕಿ ಪರದೆ ಮಾರುವ ಕಂಪನಿಯಲ್ಲಿ ಕೆಲಸ. ನಮ್ಮ ಕಿಟಕಿಗೆ ಮಾತ್ರ ನನ್ನ ಹಳೇ ಸೀರೆಯೇ ಪರದೆ. ನನ್ನದು ಡಿಪೆಂಡೆಂಟ್ ವೀಸಾ, ಅಂದರೆ ಕೆಲಸ ಮಾಡುವ ಹಾಗಿಲ್ಲ, ಕಾರು ಬರುವುದಿಲ್ಲ, ಗುರುತು ಪರಿಚಯದವರಿಲ್ಲ. ಬೆಳಗ್ಗೆ ಒಗ್ಗರಣೆ, ಮಧ್ಯಾಹ್ನ ಟೀವಿ, ಸಂಜೆ ಕಿಟಕಿ. ಅಪಾರ್ಟ್‌ಮೆಂಟು ಸಿಗದ ಕಾಲ ಅದು. ಒಬ್ಬ ಮುದುಕರ ಮನೆಯ ಹಿತ್ತಲಲ್ಲಿದ್ದ ಎರಡು ಕೋಣೆಯ ಪುಟ್ಟ ಮನೆ ನಮಗೆ ಬಾಡಿಗೆಗೆ ಸಿಕ್ಕಿದ್ದೇ ಪುಣ್ಯ.

ಆ ಮುದುಕರ ಹೆಸರು ವಾಲ್ಟ್. ಎಪ್ಪತ್ತೈದು ದಾಟಿದವರು, ಯಾವುದೋ ಕಾರ್ಖಾನೆಯಲ್ಲಿ ಲೇತು ನಡೆಸಿ ರಿಟೈರಾದವರು. ಹೆಂಡತಿ ಡಾರಥಿ ತೀರಿಕೊಂಡು ಎರಡು ವರ್ಷವಾಗಿತ್ತು. "ಬರೀ ವಾಲ್ಟ್ ಅನ್ನು" ಅನ್ನುತ್ತಿದ್ದರು. ಅಷ್ಟು ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಒಪ್ಪಬೇಕಲ್ಲ. "ಮಿಸ್ಟರ್ ವಾಲ್ಟ್" ಅಂತ ಏನೋ ಒಂದು ಮಾಡಿಕೊಂಡೆ. ಅವರಿಗೂ ಸುನಂದಾ ಅನ್ನಲು ಬರದೆ ನನ್ನನ್ನು "ಸೂ" ಮಾಡಿದರು. ಲೆಕ್ಕ ಸರಿಹೋಯಿತು.

ಒಂದು ಬೆಳಗ್ಗೆ ಬಟ್ಟೆ ಒಣಗಿಸಲು ಹೊರಗೆ ಬಂದಾಗ ಅವರ ಗ್ಯಾರೇಜಿನಿಂದ ಟಕ್ ಟಕ್ ಶಬ್ದ. ಕಿವಿ ನಿಮಿರಿತು. ಎಷ್ಟು ವರ್ಷವಾಗಿತ್ತು ಆ ಶಬ್ದ ಕೇಳಿ! ಬಾಗಿಲಲ್ಲಿ ನಿಂತು ಇಣುಕಿದೆ. ಬೆಂಚಿನ ಮೇಲೆ ಹಳೇ ಜೋಡಿ ನಳಿಗೆಯ ಕೋವಿ ಬಿಚ್ಚಿ ಹರಡಿದೆ. ಮುದುಕರು ಒಂದು ಪಿನ್ನಿಗೆ ಏಟು ಹಾಕುತ್ತಿದ್ದಾರೆ, ಕೈ ಗಡಗಡ ನಡುಗುತ್ತಿದೆ, ಏಟು ಒಂದು ಬಿದ್ದರೆ ಎರಡು ತಪ್ಪುತ್ತಿದೆ. ಅದಿರಲಿ, ಹೊಡೆಯುತ್ತಿರುವುದು ಬಲದಿಂದ ಎಡಕ್ಕೆ! ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಆ ಕಡೆಯಿಂದ ಹೊಡೀಬೇಕು, ಮಿಸ್ಟರ್ ವಾಲ್ಟ್" ಅಂದುಬಿಟ್ಟೆ.

ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. ಕಾಟನ್ ಸೀರೆ, ಕೈಯಲ್ಲಿ ಒದ್ದೆ ಟವೆಲ್ಲು. ಕೋವಿಯನ್ನು ತಿರುಗಿಸಿ ಎಡಗಡೆಯಿಂದ ಒಂದು ಏಟು ಕೊಟ್ಟರು. ಪಿನ್ನು ಪುಳಕ್ ಅಂತ ಹೊರಗೆ ಬಂತು.

"ಒಳಗೆ ಬಾ, ಸೂ. ಬಾಗಿಲಲ್ಲಿ ನಿಂತು ಯಾರೂ ಕೆಲಸ ಕಲಿಯೋಕಾಗಲ್ಲ" ಅಂದರು.

ನನ್ನ ಜನ್ಮದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು ಅಂದರೆ ನಗಬೇಡಿ.

ಆ ಕೋವಿ ಡಾರಥಿಯದು. ಚಳಿಗಾಲದಲ್ಲಿ ಇಲ್ಲಿನ ಕೊಲ್ಲಿಯ, ಅಂದರೆ ಬೇ ದಂಡೆಯ ಜೌಗಿನಲ್ಲಿ ಬಾತುಕೋಳಿ ಹೊಡೆಯಲು ಗಂಡ ಹೆಂಡತಿ ಹೋಗುತ್ತಿದ್ದರಂತೆ. "ಗುರಿ ಅವಳದು, ಕೆಸರಿಗೆ ಇಳಿದು ಎತ್ತಿಕೊಂಡು ಬರೋ ಕೆಲಸ ನಂದು" ಅಂತ ನಗುತ್ತಿದ್ದರು. ಕೋವಿಯ ಲೋಹದ ಪಕ್ಕೆಯ ಮೇಲೆ ಹಾರುತ್ತಿರುವ ಎರಡು ಬಾತುಕೋಳಿಗಳ ಕೆತ್ತನೆ. ರೆಕ್ಕೆಯ ಗರಿಗರಿಯೂ ಕಾಣುವಷ್ಟು ಸೂಕ್ಷ್ಮ. ಸುತ್ತ ಉಕ್ಕಿಗೆ ನೀಲಿ, ಕಂದು ಬೆರೆತ ಹಳೇ ಬಣ್ಣ. ಒಂದು ಕಡೆಯ ಕುದುರೆ, ಅಂದರೆ ತೋಟೆಗೆ ಬಡಿಯುವ ಸುತ್ತಿಗೆಯಂಥ ಭಾಗ, ಬಿಗಿದುಕೊಂಡು ಏಳುತ್ತಿರಲಿಲ್ಲ. ತಮ್ಮ ಕೈ ಪೂರ್ತಿ ಕೈಕೊಡುವ ಮೊದಲು ಅದನ್ನು ಸರಿಮಾಡಿ ಮಗಳಿಗೆ ಕೊಡಬೇಕು ಅನ್ನುವುದು ಅವರ ಆಸೆ. ಕಣ್ಣು ಅವರದು, ಕೈ ನನ್ನದು, ಅಂತ ನಮ್ಮ ಒಪ್ಪಂದವಾಯಿತು.

ಸಾಮಾನು ಆರಿಸುವುದರಲ್ಲೇ ಬೇಸಿಗೆ ಅರ್ಧ ಕಳೆಯಿತು. ನಾನು ಹಾಸನದ ಸಂತೆಯಲ್ಲಿ ಚೌಕಾಸಿ ಕಲಿತವಳು. ಹಳೇ ಸಾಮಾನು ಮಾರುವ ಫ್ಲೀ ಮಾರ್ಕೆಟ್ಟಿನಲ್ಲಿ ಹದಿನಾರು ಪಂಚಿನ ಒಂದು ಪೆಟ್ಟಿಗೆಯನ್ನು ಅಗ್ಗಕ್ಕೆ ಹೊಡೆದುಕೊಂಡು ಬಂದು ಬೀಗಿದೆ. ಮೊದಲನೇ ಏಟಿಗೇ ಒಂದು ಬಾಗಿ ಬಿಲ್ಲಾಯಿತು. ವಾಲ್ಟ್ ಅದನ್ನು ತೆಗೆದು ಟೊಮೇಟೊ ಸಸಿಗೆ ಆಸರೆಯಾಗಿ ನೆಟ್ಟರು. ಒಂದೊಂದೇ ಬರಲಿ, ಒಳ್ಳೆಯದು ಬರಲಿ ಅನ್ನುವುದು ಅವರ ಪದ್ಧತಿ. ಕೆಟಲಾಗು ತರಿಸಿ, ಭೂತಗನ್ನಡಿ ಹಿಡಿದು, ಮದುವೆ ಸೀರೆ ಆರಿಸುವ ಹಾಗೆ ಆರಿಸಿದೆವು. ಮೊಂಡು ಪಂಚು ಎರಡು, ಸಪೂರದ್ದು ಮೂರು, ಹಗುರದ ಸುತ್ತಿಗೆ ಒಂದು. ಸ್ಕ್ರೂಡ್ರೈವರುಗಳ ಬಾಯನ್ನು ಒಂದೊಂದು ತಿರುಪಿಗೆ ಒಂದೊಂದರಂತೆ ನನ್ನ ಕೈಯಲ್ಲೇ ಉಜ್ಜಿಸಿ ಕೂರಿಸಿದರು. ಬಿಚ್ಚಿದ ಪಿನ್ನು, ತಿರುಪುಗಳನ್ನು ಕ್ರಮವಾಗಿ ಇಡಲು ನಾನು ಮನೆಯಿಂದ ಇಡ್ಲಿ ತಟ್ಟೆ ತಂದು, ಗುಳಿಗಳಿಗೆ ಬಟ್ಟೆ ಹಾಸಿ ಕೊಟ್ಟೆ. ಮೊದಲು ಬಿಚ್ಚಿದ್ದು ಮೊದಲನೇ ಗುಳಿಗೆ, ಆಮೇಲಿನದು ಎರಡನೆಯದಕ್ಕೆ. ವಾಲ್ಟ್‌ಗೆ ಅದನ್ನು ಕಂಡು ಮಹದಾನಂದ. ಇಷ್ಟು ಒಳ್ಳೆ ಟೂಲು ಮಾಡುವ ದೇಶದವರು ಅದರಲ್ಲಿ ತಿಂಡಿ ಯಾಕೆ ಬೇಯಿಸುತ್ತೀರಿ ಅಂದರು.

"ಭಾನುವಾರ ಇಡ್ಲಿ ಇಲ್ವೇನೇ?" ಅಂತ ನಮ್ಮ ಮನೆಯವರು ಕೇಳಿದರೆ, "ತಟ್ಟೆ ಗ್ಯಾರೇಜಲ್ಲಿದೆ, ದೋಸೆ ತಿನ್ನಿ" ಅನ್ನುತ್ತಿದ್ದೆ.

"ನನ್ನ ಹೆಂಡತಿ ಅಮೆರಿಕಕ್ಕೆ ಬಂದು ಕೋವಿ ರಿಪೇರಿ ಮಾಡ್ತಾಳೆ ಅಂತ ನಮ್ಮಮ್ಮನಿಗೆ ಗೊತ್ತಾದ್ರೆ, ನನ್ನ ಜೊತೆ ಮಾತಾಡೋವಾಗ ದನಿ ತಗ್ಗಿಸ್ತಾರೆ ಪಾಪ" ಅಂತ ಅವರೂ ಕಾಲೆಳೆಯುತ್ತಿದ್ದರು.

ಚಿಕ್ಕ ಪಿನ್ನುಗಳೆಲ್ಲ ಒಂದೊಂದಾಗಿ ಬಂದವು. ಕುದುರೆಯ ದೊಡ್ಡ ಪಿನ್ನು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಆಗ ಕಾಲಿಂಗ್ ಕಾರ್ಡು ಹಿಡಿದು ಅಪ್ಪನಿಗೆ ಫೋನು ಹಚ್ಚಿದೆ. ನನಗೆ ಸಂಜೆ, ಅವರಿಗೆ ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತು. ಕೋವಿ ವಿಷಯ ಎತ್ತಿದ್ದೇ ತಡ, ಅಮೆರಿಕ ಹೇಗಿದೆ, ಊಟ ಸೇರುತ್ತಾ ಅನ್ನುವ ಮಾತೆಲ್ಲ ಹಾರಿಹೋಯಿತು.

"ಪಿನ್ನು ಎಷ್ಟು ದಪ್ಪ?"

"ಒಂದು ಬೆಂಕಿಕಡ್ಡಿಯಷ್ಟು ಇರಬಹುದಪ್ಪ."

"ಯಾವ ದೇಶದ ಬೆಂಕಿಕಡ್ಡಿ? ನಮ್ಮದೋ ಅವರದೋ?"

ಹೀಗೆ ಶುರುವಾದದ್ದು ವಾರಕ್ಕೊಂದು ಸಲದ ಪಂಚಾಯಿತಿಯಾಯಿತು. ಅಪ್ಪ ಹಿತ್ತಾಳೆ ಪಂಚಿನ ಪಕ್ಷ, ವಾಲ್ಟ್ ಉಕ್ಕಿನ ಪಕ್ಷ. ಹಿತ್ತಾಳೆ ಮೆತ್ತಗೆ, ಬೇಗ ತಲೆ ಚಪ್ಪಟೆಯಾಗುತ್ತೆ ಅಂತ ವಾಲ್ಟ್. "ಆಗಲಿ ಅಂತಲೇ ಅಲ್ವಾ ಹಿತ್ತಾಳೆ ಮಡಗೋದು! ಏಟೆಲ್ಲ ಅದು ತಿಂತದೆ, ಕೋವಿಗೆ ಗೀರು ಬೀಳಲ್ಲ. ಆ ಯಜಮಾನರಿಗೆ ಹೇಳು" ಅಂತ ಅಪ್ಪ. ಇಬ್ಬರ ಮಾತನ್ನೂ ನಾನು ಆ ಕಡೆಗೂ ಈ ಕಡೆಗೂ ದಾಟಿಸುತ್ತಿದ್ದೆ. ಅಪ್ಪನ ಜೊತೆ ಮಾತಾಡಿದ ಮಾರನೇ ದಿನ ವಾಲ್ಟ್ ಬಾಗಿಲಲ್ಲೇ ಕಾಯುತ್ತಿದ್ದರು, "ಹಾಸನ್ ಏನು ಹೇಳ್ತು?" ಅಂತ. ಮುಖ ನೋಡದ ಇಬ್ಬರು ಮುದುಕರು ಒಬ್ಬರನ್ನೊಬ್ಬರು ಅಷ್ಟು ಹಚ್ಚಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಪ್ಪನೂ ನಾನೂ ಅಷ್ಟು ಮಾತಾಡಿದ್ದೂ ಅದೇ ಮೊದಲು.

ಪಿನ್ನಿಗೆ ಎಣ್ಣೆ ಬಿಟ್ಟು ವಾರಗಟ್ಟಲೆ ನೆನೆಯಲಿಕ್ಕೆ ಇಟ್ಟೆವು. ಅಷ್ಟರಲ್ಲಿ ನವರಾತ್ರಿ ಬಂತು.

ಇಲ್ಲಿಂದ ಮುಂದಿನದನ್ನು ಬರೆಯಲು ಕೈ ಹಿಂದೆಗೆಯುತ್ತದೆ. ಬರೆಯದೆ ಇದ್ದರೂ ಆಗುವುದಿಲ್ಲ.

ವಾಲ್ಟ್ ಮಗಳ ಮನೆಗೆ ಅಂತ ವಾರದ ಮಟ್ಟಿಗೆ ಹೋಗಿದ್ದರು. ಗಿಡಗಳಿಗೆ ನೀರು ಹಾಕಲು ನನ್ನ ಹತ್ತಿರ ಗ್ಯಾರೇಜಿನ ಕೀ ಇತ್ತು. ಆಯುಧ ಪೂಜೆ ದಿನ ಬೆಳಗ್ಗೆ ನನಗೆ ಹುಕಿ ಬಂತು. ಇಷ್ಟು ದಿನ ಅನ್ನ ಹಾಕದಿದ್ದರೂ ಬದುಕು ಕೊಟ್ಟ ಸಾಮಾನುಗಳು, ಇವಕ್ಕೆ ಪೂಜೆ ಮಾಡದೆ ಇರಲಾ? ವಾಲ್ಟ್ ಬಂದು ನೋಡಿ ಖುಷಿಪಡಲಿ ಅಂತಲೂ ಇತ್ತು. ಆಯುಧ ಪೂಜೆ ಅಂದರೆ ನಮ್ಮಲ್ಲಿ ಮೊದಲ ಕೆಲಸ ತೊಳೆಯುವುದು ತಾನೇ? ಪಂಚು, ಸುತ್ತಿಗೆ, ಕೋವಿಯ ಲೋಹದ ಭಾಗ, ಎಲ್ಲದರ ಎಣ್ಣೆ ಜಿಡ್ಡನ್ನೂ ಪಾತ್ರೆ ಸೋಪು ಹಾಕಿ ತಿಕ್ಕಿದೆ. ಒರೆಸಿ, ಅರಿಶಿನ ಕುಂಕುಮ ನೀರಲ್ಲಿ ಕಲೆಸಿ, ಒಂದೊಂದಕ್ಕೂ ಢಾಳಾಗಿ ಹಚ್ಚಿದೆ. ಅಂಗಳದ ಸೇವಂತಿಗೆ ಏರಿಸಿದೆ. ನಿಂಬೆಹಣ್ಣು ಕೊಯ್ದು, ಕುಂಕುಮ ತುಂಬಿ, ಒಂದು ಹೋಳನ್ನು ಕೋವಿಯ ಪಕ್ಕೆಯ ಮೇಲೆಯೇ, ಆ ಬಾತುಕೋಳಿಗಳ ಮೇಲೆ ಬೋರಲಾಗಿ ಇಟ್ಟೆ. ಊದುಬತ್ತಿ ಹಚ್ಚಿ ಕೈಮುಗಿದೆ. ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ. ನಾಳೆ ಬಂದು ತೆಗೆದರಾಯಿತು ಅಂತ ಬೀಗ ಹಾಕಿದೆ.

ನಾಳೆ ಅನ್ನುವುದು ಬರಲಿಲ್ಲ. ಬೆಳಗ್ಗೆ ಆಫೀಸಿಗೆ ಹೋದ ನಮ್ಮ ಮನೆಯವರು ಹನ್ನೊಂದು ಗಂಟೆಗೇ ಒಂದು ರಟ್ಟಿನ ಡಬ್ಬಿ ಎದೆಗವಚಿಕೊಂಡು ವಾಪಸು ಬಂದರು. ಪರದೆ ಕಂಪನಿ ಬಾಗಿಲು ಹಾಕಿತ್ತು. ಬೇರೆ ಕೆಲಸ ಸಿಗದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಫೋನು, ರೆಸ್ಯೂಮೆ, ಸಿಕ್ಕಸಿಕ್ಕವರ ಕಾಲು ಹಿಡಿಯುವುದು, ಇದರಲ್ಲಿ ನಾಲ್ಕು ದಿನ ಹೇಗೆ ಕಳೆಯಿತೋ ಶಿವನಿಗೇ ಗೊತ್ತು. ಗ್ಯಾರೇಜು ನನ್ನ ತಲೆಯಿಂದಲೇ ಹೋಗಿಬಿಟ್ಟಿತ್ತು.

ಐದನೇ ದಿನ ಬಾಗಿಲು ತಟ್ಟಿದ ಶಬ್ದ. ವಾಲ್ಟ್ ನಿಂತಿದ್ದರು. ಕೈಯಲ್ಲಿ ಒಣಗಿದ ನಿಂಬೆ ಹೋಳು.

"ಸೂ, ಇದು ನಿಂದಾ?" ಅಂದರು.

ಓಡಿಹೋಗಿ ನೋಡಿದೆ. ಎಣ್ಣೆ ಕಳೆದುಕೊಂಡ ಉಕ್ಕು, ಹಸಿ ಕುಂಕುಮ, ನಿಂಬೆ ಹುಳಿ, ಬೇ ಕಡೆಯಿಂದ ಬರುವ ತೇವದ ಗಾಳಿ. ಬೊಟ್ಟಿಟ್ಟಲ್ಲೆಲ್ಲ ಕೆಂಪು ತುಕ್ಕು. ಬಾತುಕೋಳಿಗಳ ಮೇಲೆ ನಿಂಬೆ ಹೋಳಿನ ಅಳತೆಯ ದುಂಡನೆ ಕಲೆ, ಒಳಗೆ ಹುಳ ತಿಂದಂತೆ ಸಣ್ಣ ಸಣ್ಣ ಗುಳಿ. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತ, ನಮ್ಮ ಹಬ್ಬ, ದೇವರು, ಆಯುಧ ಅಂತ ಏನೇನೋ ಒದರಿದೆ.

ವಾಲ್ಟ್ ಎಲ್ಲ ಕೇಳಿಸಿಕೊಂಡರು. "ನಮ್ಮ ಸಾಮಾನಿಗೆ ಇದುವರೆಗೆ ಯಾರೂ ಹೂ ಮುಡಿಸಿರಲಿಲ್ಲ" ಅಂದರು. ಆಮೇಲೆ ನಯವಾದ ಉಕ್ಕಿನ ನಾರು ತಗೊಂಡು ಉಜ್ಜಲು ಕೂತರು. ನಡುಗುವ ಕೈ. ತುಕ್ಕು ಹೋಯಿತು, ಅದರ ಜೊತೆಗೇ ನೀಲಿ ಬಣ್ಣವೂ ಹೋಯಿತು, ಒಂದು ಬಾತುಕೋಳಿಯ ರೆಕ್ಕೆಯೂ ಮಾಸಿತು. ಅವರು ಉಜ್ಜುವುದನ್ನು ನಿಲ್ಲಿಸಿ ಹೆಬ್ಬೆರಳಿಂದ ಆ ಜಾಗವನ್ನು ಸವರಿ ಸವರಿ ನೋಡಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಸಾಕು ಬಿಡು, ಸೂ" ಅಂದು ಕೋವಿಯ ಭಾಗಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟರು. ಆ ದೊಡ್ಡ ಪಿನ್ನು ಒಳಗೇ ಉಳಿಯಿತು. ಆಮೇಲೆ ಗ್ಯಾರೇಜಿನಿಂದ ಟಕ್ ಟಕ್ ಶಬ್ದ ಬರಲಿಲ್ಲ.

ಆ ವಾರವೇ ಅಪ್ಪನ ಫೋನು. ಅವರೇ ಎಸ್‌ಟಿಡಿ ಬೂತಿಗೆ ಹೋಗಿ ಮಾಡಿದ್ದರು. "ಏನಾಯ್ತು ಮಗ, ಕೋವಿ? ಯಾಕೆ ಸುದ್ದೀನೇ ಇಲ್ಲ?" ಆವತ್ತು ಒಂದು ಮಾತು, 'ಅಪ್ಪ, ಹೀಗೆ ಮಾಡಿಬಿಟ್ಟೆ' ಅಂತ ಹೇಳಿದ್ದರೆ ಸಾಕಿತ್ತು. ನಾಚಿಕೆ ಅಡ್ಡ ಬಂತು. ಕೋವಿಯವನ ಮಗಳಾಗಿ, ಅವರು ಈ ವಯಸ್ಸಿನಲ್ಲಿ ನನ್ನನ್ನು ಕೈಕೆಲಸ ಬಲ್ಲವಳು ಅಂತ ಒಪ್ಪಿಕೊಂಡ ಮೇಲೆ, ಉಕ್ಕಿಗೆ ನಿಂಬೆಹಣ್ಣು ಇಟ್ಟೆ ಅಂತ ಹೇಗೆ ಹೇಳಲಿ? "ಎಲ್ಲ ಚೆನ್ನಾಗಿದೆ ಅಪ್ಪ. ಆ ದೊಡ್ಡ ಪಿನ್ನು ಒಂದು ಬಂದರೆ ಮುಗೀತು" ಅಂದೆ.

"ಹಂಗಾದ್ರೆ ಸರಿ. ಯಜಮಾನರಿಗೆ ಒಂದು ಹಿತ್ತಾಳೆ ಪಂಚು ಮಾಡ್ತಾ ಇವ್ನಿ. ನಿಮ್ಮಮ್ಮನ ಹಳೇ ದೀಪದ ಕಂಬ ಇತ್ತಲ್ಲ, ಅದ್ರಲ್ಲೇ. ನಂದೇ ಗೆಲ್ತದೆ ನೋಡ್ತಿರು" ಅಂತ ನಕ್ಕರು.

ಒಂದು ತಿಂಗಳಿಗೆ ಪಾರ್ಸಲ್ಲು ಬಂತು. ಬಿಳಿ ಬಟ್ಟೆಯಲ್ಲಿ ಹೊಲಿದು ಅರಗು ಒತ್ತಿದ್ದು. ಒಳಗೆ ಚಟ್ನಿಪುಡಿ, ಅದರ ಅಡಿಯಲ್ಲಿ ಎಣ್ಣೆ ಕಾಗದದ ಸುರುಳಿ, ಮೇಲೆ ಅಪ್ಪನ ಅಕ್ಷರ: 'ವಾಲ್ಟ್ ಯಜಮಾನರಿಗೆ.' ನನಗೆ ಬಂದದ್ದಲ್ಲವಲ್ಲ, ಬಿಚ್ಚಲಿಲ್ಲ. ಕೊಡುವ ಧೈರ್ಯವೂ ಆಗಲಿಲ್ಲ. ನಾನೇ ಹಾಳುಮಾಡಿದ ಕೋವಿಗೆ ಪಂಚು ತಂದಿದ್ದೇನೆ ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ?

ನಮ್ಮ ಮನೆಯವರಿಗೆ ಸ್ಯಾನ್ ಮಟಿಯೋದಲ್ಲಿ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡುವ ದಿನ ಸುರುಳಿಯನ್ನು ಕೈಚೀಲದಲ್ಲಿ ಇಟ್ಟುಕೊಂಡೇ ವಾಲ್ಟ್ ಹತ್ತಿರ ಹೋದೆ. ಇವತ್ತು ಕೊಟ್ಟೇ ತೀರಬೇಕು ಅಂತ. ಅವರು ನನಗಿಂತ ಮೊದಲೇ ಒಂದು ಪೊಟ್ಟಣ ನೀಡಿದರು. ಬಿಚ್ಚಿದರೆ ನನ್ನ ಇಡ್ಲಿ ತಟ್ಟೆ, ಹೊಸದರಂತೆ ಫಳಫಳ.

"ಮೂರು ಸಲ ತೊಳೆದಿದ್ದೀನಿ. ಎಣ್ಣೆ ಒಂಚೂರೂ ಇಲ್ಲ, ಧೈರ್ಯವಾಗಿ ತಿಂಡಿ ಮಾಡ್ಕೋ" ಅಂದರು. ಆಮೇಲೆ ಮೆಲ್ಲಗೆ, "ಹಾಸನ್ ಹೇಗಿದೆ?"

"ಚೆನ್ನಾಗಿದಾರೆ" ಅಂದೆ. ಚೀಲದೊಳಗೆ ಕೈ ಇತ್ತು. ಸುರುಳಿ ಬೆರಳಿಗೆ ಸಿಕ್ಕಿತ್ತು ಕೂಡ. ಹೊರಗೆ ನಮ್ಮ ಮನೆಯವರು ಹಾರನ್ನು ಮಾಡಿದರು. ಮುಂದಿನ ವಾರ ಬಂದು ನಿಧಾನವಾಗಿ ಎಲ್ಲ ಹೇಳಿ ಕೊಟ್ಟರಾಯಿತು ಅಂದುಕೊಂಡು, ಅವರ ನಡುಗುವ ಕೈ ಹಿಡಿದು ಅಲುಗಿಸಿ, ಬಂದುಬಿಟ್ಟೆ.

ಸ್ಯಾನ್ ಮಟಿಯೋ ಏನು ಸಪ್ತಸಾಗರದಾಚೆ ಇದೆಯೇ? ರೈಲು ಹತ್ತಿದರೆ ಅರ್ಧ ಗಂಟೆ. ಆ ಮುಂದಿನ ವಾರ ಒಂದೂವರೆ ವರ್ಷ ಬರಲಿಲ್ಲ. ಬಸುರಿ, ಬಾಣಂತನ, ಮಗು. ಕೊನೆಗೊಂದು ದಿನ ಮಗಳನ್ನು ಸ್ಟ್ರೋಲರಿನಲ್ಲಿ ಕೂರಿಸಿಕೊಂಡು ಹೋದೆ. ಗ್ಯಾರೇಜಿನ ಬಾಗಿಲು ತೆಗೆದಿತ್ತು. ಒಳಗೆ ಬೆಂಚಿರಲಿಲ್ಲ, ಎರಡು ಸೈಕಲ್ಲಿದ್ದವು. ಹೊಸದಾಗಿ ಬಂದವರಿಗೆ ವಾಲ್ಟ್ ತೀರಿಕೊಂಡಿದ್ದರು ಅನ್ನುವುದಷ್ಟೇ ಗೊತ್ತಿತ್ತು. ಮಗಳ ವಿಳಾಸ ಗೊತ್ತಿರಲಿಲ್ಲ. ಟೊಮೇಟೊ ಗಿಡದ ಜಾಗದಲ್ಲಿ ನನ್ನ ಬಾಗಿದ ಪಂಚು ಇನ್ನೂ ಮಣ್ಣಲ್ಲಿ ನಿಂತಿತ್ತು.

ಅಪ್ಪನ ವಿಷಯ ಹೇಳಬೇಕು. ಪಾರ್ಸಲ್ಲು ತಲುಪಿದ ಮೇಲೆ ಅವರಿಗೆ ತಡೆಯಲಾಗಲಿಲ್ಲ. "ಪಂಚು ನೋಡಿ ಯಜಮಾನರು ಏನಂದ್ರು?"

"ತುಂಬ ಚೆನ್ನಾಗಿದೆ ಅಂದ್ರಪ್ಪ."

"ತುದಿ ನೋಡಿದ್ರಾ? ತುದಿ ಬಗ್ಗೆ ಏನಂದ್ರು?"

ಒಂದು ಸುಳ್ಳಿಗೆ ಒಗ್ಗರಣೆ ಜೋರಾಗಿಯೇ ಹಾಕಿದೆ. "ತುದಿ ಅಚ್ಚುಕಟ್ಟಾಗಿ ಕೂತ್ಕೊಳ್ತಂತೆ. ತಂದಿದ್ದು ತಂದ ಹಾಗೇ ಇಟ್ಟು ಒಂದು ಏಟು ಹಾಕಿದ್ರು, ಪಿನ್ನು ಬಂದುಬಿಡ್ತು. ನಿಮ್ಮಪ್ಪಾನೇ ಗೆದ್ರು ಅಂದ್ರು."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಲೈನು ಹೋಯಿತೇನೋ ಅಂದುಕೊಂಡೆ.

"ಹಂಗಾ," ಅಂದರು. "ಸರಿ ಬಿಡು ಮಗ."

ಆಮೇಲೆ ಅವರು ಆ ಯಜಮಾನರ ಮಾತು ಎತ್ತಲೇ ಇಲ್ಲ. ಸದ್ಯ, ಪೀಡೆ ಕಳೀತು ಅಂತ ನನಗೆ ನೆಮ್ಮದಿಯೇ ಆಗಿತ್ತು.

ಮಗಳಿಗೆ ಎರಡು ವರ್ಷವಾದಾಗ ಊರಿಗೆ ಹೋದೆ. ಒಂದು ಮಧ್ಯಾಹ್ನ ಕಾಫಿ ತಗೊಂಡು ಅಂಗಡಿಯ ಹೊಸಲ ಹತ್ತಿರ ನಿಂತೆ, ಹಳೇ ಅಭ್ಯಾಸ. ಅಪ್ಪ ತಲೆ ಎತ್ತದೆ, "ಒಳೀಕೆ ಬಾ" ಅಂದರು. ಕಿವಿಯನ್ನೇ ನಂಬಲಾಗಲಿಲ್ಲ. ತಮ್ಮ ಪಕ್ಕದ ಸ್ಟೂಲು ಎಳೆದು ಕೂರಿಸಿ, ಮಳೆಯಲ್ಲಿ ನೆಂದು ತುಕ್ಕು ಹಿಡಿದ ಯಾರದ್ದೋ ಕೋವಿಯನ್ನು ನನ್ನ ಕೈಗೆ ಕೊಟ್ಟರು. "ಉಜ್ಜಬಾರದು ಮಗ. ಎಣ್ಣೆ ಬಿಟ್ಟು ಮೂರು ದಿನ ಬಿಡಬೇಕು. ಆಮೇಲೆ ತಾಮ್ರದ ಬಿಲ್ಲೆ ಇಟ್ಟು ಮೆಲ್ಲಗೆ ಎಬ್ಬಿಸಬೇಕು. ತುಕ್ಕು ಹೋಯ್ತದೆ, ಚಿತ್ರ ಉಳೀತದೆ." ಆವತ್ತು ವಾಲ್ಟ್ ಉಜ್ಜಲು ಕೂರುವ ಮೊದಲು ಒಂದು ಫೋನು ಮಾಡಿದ್ದರೆ ಡಾರಥಿಯ ಬಾತುಕೋಳಿ ಉಳಿಯುತ್ತಿತ್ತಲ್ಲ ಅನ್ನುವುದಷ್ಟೇ ಆಗ ತಲೆಯಲ್ಲಿ ಸುತ್ತಿತು. ಅಲ್ಲೇ ಮೂಲೆಯಲ್ಲಿ ನವರಾತ್ರಿಯ ಕುಂಕುಮ ಇನ್ನೂ ಕಾಣುತ್ತಿತ್ತು. ಅಪ್ಪ ಕೋವಿಗಳ ಮರದ ಹಿಡಿಗೆ ಮಾತ್ರ ಬೊಟ್ಟಿಟ್ಟಿದ್ದರು. ನಿಂಬೆಹಣ್ಣು ಬಾಗಿಲ ಎರಡು ಪಕ್ಕದಲ್ಲಿತ್ತು. ಉಕ್ಕಿನ ಮೇಲೆ ಎಣ್ಣೆ ಬಿಟ್ಟು ಬೇರೇನೂ ಇರಲಿಲ್ಲ. ವರ್ಷಾನುಗಟ್ಟಲೆ ಹೊಸಲ ಮೇಲೆ ನಿಂತು ನೋಡಿದವಳಿಗೆ ಕಂಡದ್ದು ಹೂವು ಮಾತ್ರ.

ಯಾಕೆ ಇದನ್ನೆಲ್ಲ ನನಗೆ ಹೇಳಿಕೊಡುತ್ತಿದ್ದಾರೆ ಅಂತ ಕೇಳಲಿಲ್ಲ. ನನಗೆ ವಯಸ್ಸಾಯಿತು, ಅವರಿಗೂ ಆಯಿತು, ಅದಕ್ಕೆ ಇರಬೇಕು ಅಂದುಕೊಂಡೆ. ಮುಂದಿನ ವರ್ಷ ಅಪ್ಪ ಹೋದರು.

ಹೋದ ವಾರ ಮಗಳ ಕೈಯಿಂದ ಆ ಪಂಚನ್ನು ಇಸಿದುಕೊಂಡು ಮೊದಲ ಸಲ ಸರಿಯಾಗಿ ನೋಡಿದೆ. ತಲೆಯ ಮೇಲೆ ಒಂದೂ ಏಟಿನ ಗುರುತಿಲ್ಲ. ನಡುವೆ ಅಮ್ಮನ ದೀಪದ ಕಂಬದ ಎರಡು ಬಳೆಯನ್ನು ಹಾಗೇ ಉಳಿಸಿದ್ದಾರೆ, ಹಿಡಿಯಲು ಅನುಕೂಲವಾಗಲಿ ಅಂತ. ತುದಿಯನ್ನು ಶ್ಯಾವಿಗೆ ಒರಳಿನ ತೂತಿಗೆ ಹಿಡಿದು ನೋಡಿದೆ. ಹೋಗಲಿಲ್ಲ. ಡಾರಥಿಯ ಕೋವಿಯ ಪಿನ್ನು ಆ ತೂತಿಗಿಂತಲೂ ಸಣ್ಣದು. ತುದಿ ದಪ್ಪ ಇತ್ತು. ಅರದ ಗೀರುಗಳೂ ಹಾಗೇ ಇದ್ದವು, ಇಲ್ಲಿಂದ ಮುಂದಿನದು ನಿಮ್ಮ ಕೆಲಸ ಅಂತ ಬಿಟ್ಟುಕೊಟ್ಟ ಹಾಗೆ.

ತಂದ ಹಾಗೇ ಇಟ್ಟು ಒಂದು ಏಟು ಹಾಕಿದರು ಅಂತ ನಾನು ಹೇಳಿದ್ದೆ. ಆ ತುದಿ ಯಾವ ಪಿನ್ನಿಗೂ ತಂದ ಹಾಗೇ ಕೂರಲು ಸಾಧ್ಯವಿರಲಿಲ್ಲ. ಮಾಡಿದವರಿಗೆ ಅದು ಗೊತ್ತಿರುವುದಿಲ್ಲವೇ? ಫೋನಿನ ಆ ಕಡೆ ಸುಮ್ಮನೆ ನಿಂತ ಅಷ್ಟು ಹೊತ್ತಿನಲ್ಲಿ ಅಪ್ಪನಿಗೆ ಎಲ್ಲ ತಿಳಿದುಹೋಗಿತ್ತು. ತಿಳಿದೂ ಒಂದು ಮಾತು ಕೇಳದೆ, ಮೂರು ವರ್ಷ ಕಾದು, ಹೊಸಲಿಂದ ಒಳಗೆ ಕರೆದು, ತುಕ್ಕು ತೆಗೆಯುವುದನ್ನು ಹೇಳಿಕೊಟ್ಟರು.

"ಜಸ್ಟ್ ಫೈಲ್ ಇಟ್, ಅಮ್ಮ" ಅಂದಳು ಮಗಳು, ಡ್ರಾಯರಿನಲ್ಲಿ ಸಿಕ್ಕ ಅರವೊಂದನ್ನು ನನ್ನ ಮುಂದೆ ನೂಕುತ್ತ.

ಅರ ಕೈಗೆತ್ತಿಕೊಂಡೆ, ಹಾಗೇ ಕೆಳಗಿಟ್ಟೆ. ಆ ತುದಿಗೆ ಅರ ಹಾಕಬೇಕಾದ ಕೈ ನನ್ನದಲ್ಲ. ಪಂಚಿಗೆ ಒಂದು ಹನಿ ಎಣ್ಣೆ ಸವರಿ, ಅದೇ ಕಾಗದದಲ್ಲಿ, ಅಪ್ಪನ ಅಕ್ಷರ ಮೇಲೆ ಕಾಣುವ ಹಾಗೆ ಸುತ್ತಿ ಡ್ರಾಯರಿಗೆ ಇಟ್ಟೆ. ಶ್ಯಾವಿಗೆ ಮಾಡಲಿಲ್ಲ. ಸಂಜೆ ಆ ಇಡ್ಲಿ ತಟ್ಟೆಯಲ್ಲೇ ಇಡ್ಲಿ ಬೇಯಿಸಿದೆ.